ಒಂದೇ ಮಾತಿಗೆ ಬಂದು ಹೋಗುವವರು

ಸಣ್ಣಕಥೆಯಲ್ಲಿ ಜಾತಿ, ಅಂತಸ್ತು, ಹೆಣ್ಣು-ಗಂಡೆಂಬ ಭೇದಗಳ ಪೂರ್ವಗ್ರಹವನ್ನು ಹೊತ್ತು ತರುವವರು ಹೆಚ್ಚಾಗಿ ಕಥಾನಾಯಕರೂ ಅಲ್ಲ, ಖಳರೂ ಅಲ್ಲ. ಪಡಸಾಲೆಯಲ್ಲಿ ಕೂತು ಮಗನಿಗೆ ಬುದ್ಧಿ ಹೇಳುವ ಮುದುಕಿ, ಚಹಾದ ಅಂಗಡಿಯಲ್ಲಿ ಒಬ್ಬನಿಗೆ ಮಾತ್ರ ಬೇರೆ ಲೋಟ ಎತ್ತಿಕೊಡುವ ಹುಡುಗ, ಬಸ್ಸಿನಲ್ಲಿ ಪಕ್ಕಕ್ಕೆ ಕೂತು 'ತಾವು ಯಾವ ಪೈಕಿ?' ಎಂದು ಸಹಜವಾಗಿ ಕೇಳುವ ಪ್ರಯಾಣಿಕ, ಇಂಥವರು ಆ ಕೆಲಸ ಮಾಡುತ್ತಾರೆ. ಕಥೆ ಅವರದಲ್ಲ. ಕೆಲವರಿಗೆ ಹೆಸರೂ ಇರುವುದಿಲ್ಲ. ಒಂದು ಮಾತು ಆಡಿಯೋ ಒಂದು ಕೆಲಸ ಮಾಡಿಯೋ ಹೊರಟುಹೋಗುತ್ತಾರೆ. ಅಷ್ಟರಲ್ಲಿ ಊರು ಹೇಗೆ ಯೋಚಿಸುತ್ತದೆ ಎಂಬುದು ಓದುವವರಿಗೆ ಗೊತ್ತಾಗಿರುತ್ತದೆ.

ಇದಕ್ಕೆ ಸಣ್ಣಕಥೆಯ ಗಾತ್ರವೇ ಒಂದು ಕಾರಣ. ಕಾದಂಬರಿಕಾರನಿಗೆ ಊರಿನ ಕೇರಿ, ಬಾವಿ, ಗುಡಿ, ಜಮೀನಿನ ಲೆಕ್ಕವನ್ನೆಲ್ಲ ಬಿಡಿಸಿ ಹೇಳಲು ಜಾಗವಿದೆ. ಹತ್ತು ಪುಟದ ಕಥೆಗಾರನಿಗೆ ಅದಿಲ್ಲ. ಇನ್ನೊಂದು ಕಾರಣ ನಂಬಿಕೆಗೆ ಸಂಬಂಧಿಸಿದ್ದು. ಜಗಳದಲ್ಲಿ ಪಾಲಿರುವವನು ಕೆಟ್ಟ ಮಾತಾಡಿದರೆ ಅದು ಅವನ ಸಿಟ್ಟು ಎಂದು ಓದುಗರು ಬಿಟ್ಟುಬಿಡುತ್ತಾರೆ. ಜಗಳಕ್ಕೆ ಸಂಬಂಧವೇ ಇಲ್ಲದವನು, ಯಾರ ಮೇಲೂ ಹಗೆ ಇಲ್ಲದವನು ಅದೇ ಮಾತನ್ನು ಹವಾಮಾನದ ವಿಷಯ ಹೇಳುವಷ್ಟು ಸಲೀಸಾಗಿ ಹೇಳಿದಾಗ ಅದು ಒಬ್ಬನ ಮಾತಾಗಿ ಉಳಿಯುವುದಿಲ್ಲ.

ಭಾರತೀಯ ಕಥೆಗಳಲ್ಲಿ ಇದರ ಅತ್ಯುತ್ತಮ ಉದಾಹರಣೆ ಪ್ರೇಮಚಂದರ 'ಸದ್ಗತಿ'. 1931ರ ಈ ಹಿಂದಿ ಕಥೆಯನ್ನು ಸತ್ಯಜಿತ್ ರಾಯ್ 1981ರಲ್ಲಿ ದೂರದರ್ಶನಕ್ಕಾಗಿ ಚಿತ್ರ ಮಾಡಿದರು. ಚಮ್ಮಾರ ದುಖಿ ಮಗಳ ನಿಶ್ಚಿತಾರ್ಥಕ್ಕೆ ಮುಹೂರ್ತ ಕೇಳಲು ಪಂಡಿತ ಘಾಸಿರಾಮನ ಮನೆಗೆ ಹೋಗುತ್ತಾನೆ. ಪಂಡಿತ ಅವನನ್ನು ಬಿಟ್ಟಿ ಕೆಲಸಕ್ಕೆ ಹಚ್ಚುತ್ತಾನೆ. ಹಸಿದ ಹೊಟ್ಟೆಯಲ್ಲಿ ಗಂಟುಗಟ್ಟಿದ ದಿಮ್ಮಿಯೊಂದನ್ನು ಸೀಳುತ್ತ ಸೀಳುತ್ತ ದುಖಿ ಸಾಯುತ್ತಾನೆ. ಕಥೆ ಇವರಿಬ್ಬರದು. ಆದರೆ ನೆನಪಿನಲ್ಲಿ ಗಟ್ಟಿಯಾಗಿ ಉಳಿಯುವವಳು ಪಂಡಿತನ ಹೆಂಡತಿ. ಚಿಲುಮೆಗೆ ಬೆಂಕಿ ಕೇಳಲು ದುಖಿ ಅಂಗಳದವರೆಗೆ ಬಂದದ್ದಕ್ಕೆ ಅವಳು ಗಂಡನ ಮೇಲೆ ಹರಿಹಾಯುತ್ತಾಳೆ. ಆಮೇಲೆ ಇಕ್ಕಳದಲ್ಲಿ ಕೆಂಡ ಹಿಡಿದು ದೂರದಿಂದಲೇ ಎಸೆಯುತ್ತಾಳೆ. ಕೆಂಡ ದುಖಿಯ ತಲೆಯ ಮೇಲೆ ಬೀಳುತ್ತದೆ. ಬ್ರಾಹ್ಮಣರ ಮನೆಯನ್ನು ಮೈಲಿಗೆ ಮಾಡಿದ್ದಕ್ಕೆ ಇದು ಶಿಕ್ಷೆ ಎಂದು ದುಖಿಯೇ ಒಪ್ಪಿಕೊಳ್ಳುತ್ತಾನೆ.

ಪ್ರೇಮಚಂದರ ಜಾಣತನ ಕಾಣುವುದು ಇದರ ಮುಂದಿನ ಕ್ಷಣದಲ್ಲಿ. ಆಕೆಗೆ ಮರುಕ ಹುಟ್ಟುತ್ತದೆ. ಬೆಳಗಿನಿಂದ ದುಡಿಯುತ್ತಿದ್ದಾನೆ, ಏನಾದರೂ ತಿನ್ನಲು ಕೊಡೋಣವೇ ಎನ್ನುತ್ತಾಳೆ. ಉಳಿದಿರುವ ರೊಟ್ಟಿ ಎರಡೋ ನಾಲ್ಕೋ. ಅಷ್ಟರಿಂದ ಅವನ ಹೊಟ್ಟೆ ತುಂಬುವುದಿಲ್ಲ ಎಂಬುದು ಗಂಡನ ಲೆಕ್ಕ. ಹಾಗಾದರೆ ಈ ಬಿಸಿಲಲ್ಲಿ ಮತ್ತೆ ಒಲೆ ಮುಂದೆ ಕೂರುವವರಾರು ಎಂದು ಅವಳೂ ಸುಮ್ಮನಾಗುತ್ತಾಳೆ. ಇಲ್ಲಿ ಕ್ರೌರ್ಯ ಎನ್ನುವಂಥದ್ದು ಏನೂ ನಡೆಯಲಿಲ್ಲ. ಕರುಣೆ ಬಂತು, ಸೋಮಾರಿತನ ಅದನ್ನು ತಡೆಯಿತು, ಅಷ್ಟೇ. ತನ್ನ ಜಾತಿಯ ಒಬ್ಬ ಅತಿಥಿ ಹಸಿದು ಕೂತಿದ್ದರೆ ಇದೇ ಹೆಂಗಸು ಇದೇ ಬಿಸಿಲಲ್ಲಿ ಒಲೆ ಹಚ್ಚುತ್ತಿದ್ದಳು ಎಂಬುದನ್ನು ಕಥೆ ಎಲ್ಲಿಯೂ ಹೇಳುವುದಿಲ್ಲ. ಓದುವವರೇ ಅಲ್ಲಿಗೆ ತಲುಪುತ್ತಾರೆ.

ಅದೇ ಕಥೆಯಲ್ಲಿ ಇನ್ನೊಬ್ಬ ಬರುತ್ತಾನೆ. ಅವನೊಬ್ಬ ಗೊಂಡ, ಹೆಸರು ಚಿಖುರಿ. ದುಖಿಗೆ ತಂಬಾಕು ಕೊಡುವವನು ಅವನೇ, ಊಟ ಕೊಟ್ಟರೇ ಎಂದು ಕೇಳುವವನೂ ಅವನೇ. ಜಮೀನ್ದಾರ ಬಿಟ್ಟಿ ದುಡಿಸಿಕೊಂಡರೂ ತಿನ್ನಲು ಏನಾದರೂ ಕೊಡುತ್ತಾನೆ, ಇವರು ಅದನ್ನೂ ಕೊಡುವುದಿಲ್ಲ ಎಂದು ಲೆಕ್ಕ ಒಪ್ಪಿಸುತ್ತಾನೆ. ದುಖಿ ಸತ್ತ ಮೇಲೆ ಚಮ್ಮಾರರ ಕೇರಿಗೆ ಹೋಗಿ, ಹೆಣ ಎತ್ತಬೇಡಿ, ಪೊಲೀಸರ ವಿಚಾರಣೆ ಆಗುತ್ತದೆ ಎಂದು ಎಚ್ಚರಿಸುತ್ತಾನೆ. ಪಂಡಿತನ ಹೆಂಡತಿ ಪೂರ್ವಗ್ರಹವನ್ನು ಒಳಗಿನಿಂದ ತೋರಿಸಿದರೆ ಗೊಂಡ ಅದನ್ನು ಪಕ್ಕದಲ್ಲಿ ನಿಂತು ಹೆಸರು ಹಿಡಿದು ಕರೆಯುತ್ತಾನೆ. ಅಮುಖ್ಯ ಪಾತ್ರದ ಕೆಲಸ ಈ ಎರಡು ಬಗೆಯದು. ಒಳ್ಳೆಯ ಕಥೆಗಾರರು ಮೊದಲನೆಯದನ್ನು ಧಾರಾಳವಾಗಿ ಬಳಸುತ್ತಾರೆ, ಎರಡನೆಯದನ್ನು ಕೈ ಬಿಗಿ ಹಿಡಿದು ಬಳಸುತ್ತಾರೆ. ಗೊಂಡ ಇನ್ನು ನಾಲ್ಕು ಮಾತು ಹೆಚ್ಚು ಆಡಿದ್ದರೆ ಕಥೆ ಭಾಷಣವಾಗುತ್ತಿತ್ತು.

ಕನ್ನಡದಲ್ಲಿ ಇಂಥ ಪಾತ್ರವನ್ನು ನೆನೆದರೆ ತಟ್ಟನೆ ಹೊಳೆಯುವುದು ಕಾದಂಬರಿಯೊಂದು, ಶಿವರಾಮ ಕಾರಂತರ 'ಚೋಮನ ದುಡಿ' (1933). ಬೇಸಾಯ ಮಾಡಲು ಚೋಮ ಒಂದು ತುಂಡು ಭೂಮಿ ಬೇಡುತ್ತಾನೆ. ಧಣಿ ಸಂಕಪ್ಪಯ್ಯನ ಮನಸ್ಸು ಕರಗುತ್ತದೆ. ಅಡ್ಡ ಬರುವುದು ಅವನ ತಾಯಿ. ಹೊಲೆಯನ ಕೈಗೆ ನೇಗಿಲು ಕೊಡುವುದು ನಡೆದು ಬಂದ ಕಟ್ಟಳೆಯಲ್ಲ ಎಂಬುದು ಆ ಮುದುಕಿಯ ನಿಲುವು. ಆಕೆಗೆ ಚೋಮನ ಮೇಲೆ ದ್ವೇಷವಿಲ್ಲ. ಕಟ್ಟಳೆಯ ಕಾವಲು ಅವಳ ಪಾಲಿಗೆ ಬಂದಿದೆ, ಅವಳು ಕಾಯುತ್ತಾಳೆ. ಮಗ ಉದಾರಿಯಾಗಬಲ್ಲ, ಆದರೆ ಮನೆ ಉದಾರವಾಗಲಾರದು ಎಂಬುದನ್ನು ಕಾರಂತರು ಒಬ್ಬ ಮುದುಕಿಯನ್ನು ಎರಡು ಹೊತ್ತು ಮುಂದೆ ತಂದು ತೋರಿಸಿದರು. 1975ರಲ್ಲಿ ಬಿ.ವಿ. ಕಾರಂತರ ನಿರ್ದೇಶನದಲ್ಲಿ ಇದು ಚಲನಚಿತ್ರವಾಗಿ ರಾಷ್ಟ್ರಪತಿಗಳ ಸ್ವರ್ಣಕಮಲ ಪಡೆಯಿತು. ಚೋಮನಾಗಿ ಎಂ.ವಿ. ವಾಸುದೇವರಾಯರ ಮುಖ ಎಲ್ಲರಿಗೂ ನೆನಪಿದೆ. ಧಣಿಯ ತಾಯಿಯ ಮುಖ ಯಾರಿಗೂ ನೆನಪಿಲ್ಲ. ಅಮುಖ್ಯ ಪಾತ್ರಗಳ ಹಣೆಬರಹವೇ ಅದು.

ಆಂಧ್ರಪ್ರದೇಶದ ರಾಯದುರ್ಗ, ಮಡಕಶಿರಾ ಕಡೆಯ ಕನ್ನಡ ಓದುಗರಿಗೆ ಈ ಮುದುಕಿಯೂ ಆ ಪಂಡಿತನ ಹೆಂಡತಿಯೂ ದೂರದವರಲ್ಲ. ರಾಯದುರ್ಗ ತಾಲ್ಲೂಕು ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದೋನಿ, ಆಲೂರುಗಳ ಜೊತೆ ಆಂಧ್ರಕ್ಕೆ ಸೇರಿತು; ಬಳ್ಳಾರಿ ಮೈಸೂರಿಗೆ ಬಂತು. ಮಡಕಶಿರಾವನ್ನು ಪಾವಗಡ, ಶಿರಾ, ಮಧುಗಿರಿಗಳು ಬಳಸಿಕೊಂಡಿವೆ. ನೊಳಂಬರ ರಾಜಧಾನಿ ಹೆಂಜೇರು, ಈಗಿನ ಹೇಮಾವತಿ, ಇರುವುದು ಇದೇ ಸೀಮೆಯ ಅಮರಾಪುರಂ ಮಂಡಲದಲ್ಲಿ. 2022ರ ಏಪ್ರಿಲ್‌ನಲ್ಲಿ ಅನಂತಪುರ ಜಿಲ್ಲೆ ಒಡೆದಾಗ ರಾಯದುರ್ಗ ಅನಂತಪುರದಲ್ಲೇ ಉಳಿಯಿತು, ಮಡಕಶಿರಾ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಎರಡೂ ಕಡೆ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಸಂತೆಯಲ್ಲಿ ಎರಡೂ.

ಇಂಥ ಸೀಮೆಯಲ್ಲಿ ಪೂರ್ವಗ್ರಹಕ್ಕೆ ಎರಡು ಭಾಷೆಯಷ್ಟೇ ಅಲ್ಲ, ಎರಡು ಸರ್ಕಾರದ ಕಾಗದವೂ ಇದೆ. ಬೋಯ ಅಥವಾ ವಾಲ್ಮೀಕಿ ಸಮುದಾಯವನ್ನೇ ನೋಡಬಹುದು. ರಾಯದುರ್ಗದಲ್ಲಿ ಅವರು ಹಿಂದುಳಿದ ವರ್ಗದ ಪಟ್ಟಿಯಲ್ಲಿದ್ದಾರೆ. ಗಡಿ ದಾಟಿ ಕರ್ನಾಟಕದ ಮೊಳಕಾಲ್ಮೂರಿಗೆ ಬಂದರೆ ಅದೇ ಬಳಗದ ನಾಯಕ ಸಮುದಾಯದವರು ಪರಿಶಿಷ್ಟ ಪಂಗಡ. ಹೆಣ್ಣು ಕೊಟ್ಟು ತರುವ ಸಂಬಂಧ ಗಡಿಯನ್ನು ಲೆಕ್ಕಿಸುವುದಿಲ್ಲ, ಜಾತಿ ಪ್ರಮಾಣಪತ್ರ ಮಾತ್ರ ಲೆಕ್ಕಿಸುತ್ತದೆ. ಮೊಳಕಾಲ್ಮೂರು ವಿಧಾನಸಭಾ ಕ್ಷೇತ್ರ ಪರಿಶಿಷ್ಟ ಪಂಗಡಕ್ಕೆ ಮೀಸಲು, ಮಡಕಶಿರಾ ಪರಿಶಿಷ್ಟ ಜಾತಿಗೆ ಮೀಸಲು, ರಾಯದುರ್ಗ ಸಾಮಾನ್ಯ ಕ್ಷೇತ್ರ. ಒಂದು ಮದುವೆ ಚಪ್ಪರದಲ್ಲಿ ಕೂತ ಬೀಗರಿಬ್ಬರಲ್ಲಿ ಒಬ್ಬ ಇನ್ನೊಬ್ಬನ 'ಸರ್ಟಿಫಿಕೇಟು' ಕುರಿತು ಆಡುವ ಅರ್ಧ ವಾಕ್ಯದ ತಮಾಷೆ ಸಾಕು, ಒಳ್ಳೆಯ ಕಥೆಗಾರನಿಗೆ ಇಷ್ಟೂ ಇತಿಹಾಸ ಅದರಲ್ಲಿ ಸಿಕ್ಕಿಬಿಡುತ್ತದೆ.

ಈ ಗಡಿಯ ಬದುಕನ್ನು ಕನ್ನಡ ಕಥೆಗೆ ತಂದವರಲ್ಲಿ ಮುಖ್ಯರು ಕುಂ. ವೀರಭದ್ರಪ್ಪ (ಕುಂವೀ). ಬಳ್ಳಾರಿ ಸೀಮೆಯ ಕೊಟ್ಟೂರಿನವರು, ಹುಟ್ಟಿದ್ದು ಗಡಿ ಗೆರೆ ಬಿದ್ದ 1953ರಲ್ಲೇ. ಆಂಧ್ರದ ಗಡಿ ಹಳ್ಳಿಗಳಲ್ಲಿ ದೀರ್ಘಕಾಲ ಮೇಷ್ಟರಾಗಿದ್ದರು. 'ಅರಮನೆ' ಕಾದಂಬರಿಗೆ 2007ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 'ಡೋಮ ಮತ್ತಿತರ ಕಥೆಗಳು', 'ದೇವರ ಹೆಣ' ಮುಂತಾದ ಸಂಕಲನಗಳ ಹೆಸರುಗಳೇ ಅವರು ಊರನ್ನು ಯಾವ ಕಡೆಯಿಂದ ನೋಡುತ್ತಾರೆ ಎಂಬುದನ್ನು ಸೂಚಿಸುತ್ತವೆ. ರಾಯಲಸೀಮೆಯ ರೆಡ್ಡಿಗಳು, ಅವರ ಬಂಟರು, ಕೇರಿಯವರು, ಪೊಲೀಸರು, ಊರ ಪುಡಾರಿಗಳು ಅವರ ಬರವಣಿಗೆಯಲ್ಲಿ ಗುಂಪುಗುಂಪಾಗಿ ಬರುತ್ತಾರೆ.

ಆದರೆ ಕುಂವೀ ಈ ವಿಷಯದಲ್ಲಿ ಮುಖ್ಯರಾಗುವುದು ಪಾತ್ರಗಳ ಸಂಖ್ಯೆಯಿಂದಲ್ಲ. ಹಳೆಯ ಕನ್ನಡ ಕಥೆಗಳಲ್ಲಿ ಒಂದು ಅಘೋಷಿತ ಏರ್ಪಾಡಿತ್ತು. ನಿರೂಪಕ ಗ್ರಂಥಸ್ಥ ಕನ್ನಡ ಆಡುತ್ತಿದ್ದ. ಆಳು, ಕೂಲಿ, ಮೊಸರು ಮಾರುವವಳು ಆಡುಮಾತು ಆಡುತ್ತಿದ್ದರು. ಆಡುಮಾತು ಬಂದೊಡನೆ ಓದುಗ ಒಂದು ಮೆಟ್ಟಿಲು ಕೆಳಗೆ ನೋಡುವಂತಾಗುತ್ತಿತ್ತು. ಕುಂವೀ ಕಥೆ ಹೇಳುವವನ ಬಾಯಿಗೇ ಬಳ್ಳಾರಿ-ರಾಯಲಸೀಮೆಯ ತೆಲುಗು ಬೆರೆತ ಕನ್ನಡವನ್ನು ಕೊಟ್ಟರು. ಮೇಲೆ ನಿಂತು ನೋಡುವ ಜಾಗವೇ ಇಲ್ಲವಾಯಿತು. ರಾಯದುರ್ಗದ ಹುಡುಗನೊಬ್ಬ ಅದನ್ನು ಓದಿದರೆ ತನ್ನ ಮನೆಮಾತು ಮೊದಲ ಬಾರಿಗೆ ಕಥೆಯ ಅಂಚಿನಿಂದ ನಡುವಿಗೆ ಬಂದಿರುವುದನ್ನು ನೋಡುತ್ತಾನೆ.

ಅನಂತಪುರದ ತೆಲುಗು ಕಡೆಯಲ್ಲೂ ಇದೇ ನೆಲದ ಬರವಣಿಗೆ ಬೆಳೆದಿದೆ. ಅನಂತಪುರದಲ್ಲಿ ಪ್ರಾಧ್ಯಾಪಕರಾಗಿದ್ದ ಕೊಲಕಲೂರಿ ಇನಾಕ್ ಅವರ 'ಊರಬಾವಿ', ಊರಿನ ಬಾವಿಯ ನೀರು ದಲಿತರಿಗೆ ನಿಷಿದ್ಧವಾದ ಸಂಗತಿಯನ್ನೇ ವಸ್ತುವಾಗಿಸಿಕೊಂಡ ಪ್ರಸಿದ್ಧ ಕಥೆ. ಅನಂತಪುರದವರೇ ಆದ ಬಂಡಿ ನಾರಾಯಣಸ್ವಾಮಿ 'ಶಪ್ತಭೂಮಿ' ಕಾದಂಬರಿಗೆ 2019ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಗಡಿಯ ಓದುಗನಿಗೆ ಎರಡೂ ಭಾಷೆ ಬರುವುದರಿಂದ ಈ ಎರಡು ಪರಂಪರೆಗಳನ್ನು ಪಕ್ಕಪಕ್ಕ ಇಟ್ಟು ಓದುವ ಅನುಕೂಲ ಅವನಿಗಿದೆ, ಬೆಂಗಳೂರಿನ ಓದುಗನಿಗೆ ಸಾಮಾನ್ಯವಾಗಿ ಇಲ್ಲ.

ಪೂರ್ವಗ್ರಹ ಎಂದೊಡನೆ ಜಾತಿಯೊಂದೇ ನೆನಪಾಗಬೇಕಿಲ್ಲ. ಮಾಸ್ತಿಯವರ 'ಮೊಸರಿನ ಮಂಗಮ್ಮ' ಕಥೆಯಲ್ಲಿ ರಂಗಪ್ಪ ಎಂಬವನು ಬರುತ್ತಾನೆ. ಮಗ-ಸೊಸೆಯ ಜೊತೆ ಮುನಿದು ಬೇರೆಯಾದ ಮಂಗಮ್ಮನ ಕೈಯಲ್ಲಿ ನಾಲ್ಕು ಕಾಸು ಇದೆ ಎಂದು ತಿಳಿದ ಮೇಲೆ ದಾರಿಯಲ್ಲಿ ಅವಳ ಜೊತೆಗೂಡುತ್ತಾನೆ, ಸಾಲ ಕೇಳುತ್ತಾನೆ, ಸಲುಗೆಗೂ ಇಳಿಯುತ್ತಾನೆ. ಮಾಸ್ತಿ ಅವನನ್ನು ದುಷ್ಟನೆಂದು ಚಿತ್ರಿಸುವುದಿಲ್ಲ. ಅವರ ಕಥೆಗಳಲ್ಲಿ ದುಷ್ಟರು ಅಪರೂಪ. ಗಂಡು ದಿಕ್ಕಿಲ್ಲದ ಹೆಂಗಸಿನ ಹಣವೂ ಅವಳೂ ಯಾರು ಬೇಕಾದರೂ ಕೈ ಹಾಕಬಹುದಾದ ಸೊತ್ತು ಎಂಬ ಊರಿನ ಎಣಿಕೆ ಅವನ ನಡಿಗೆಯಲ್ಲಿದೆ. ಕಥೆಯ ಮುಖ್ಯ ಜಗಳ ಅತ್ತೆ-ಸೊಸೆಯರದು, ಮೊಮ್ಮಗನ ಮೇಲಿನ ಹಕ್ಕಿನದು. ರಂಗಪ್ಪ ಇಲ್ಲದಿದ್ದರೆ ಅದು ಮನೆಯೊಳಗಿನ ಜಗಳವಾಗಿಯೇ ಮುಗಿಯುತ್ತಿತ್ತು. ಅವನು ಬಂದದ್ದರಿಂದ ಮನೆ ಬಿಟ್ಟು ನಿಂತ ಹೆಣ್ಣಿಗೆ ಹೊರಗೆ ಏನು ಕಾದಿದೆ ಎಂಬುದು ಗೊತ್ತಾಯಿತು.

ಕೆಲವು ಸಲ ಪಾತ್ರ ಹೆಚ್ಚುಕಡಿಮೆ ಕಾಣಿಸಿಕೊಳ್ಳದೆಯೇ ಈ ಕೆಲಸ ಮಾಡಿಬಿಡುತ್ತದೆ. ಯು.ಆರ್. ಅನಂತಮೂರ್ತಿಯವರ 'ಘಟಶ್ರಾದ್ಧ'ವನ್ನು ಆಧರಿಸಿ ಗಿರೀಶ ಕಾಸರವಳ್ಳಿ 1977ರಲ್ಲಿ ಮಾಡಿದ ಚಿತ್ರದಲ್ಲಿ, ಬಸುರಾದ ಬಾಲವಿಧವೆ ಯಮುನೆಯನ್ನು ಬದುಕಿರುವಾಗಲೇ ಸತ್ತಳೆಂದು ಶ್ರಾದ್ಧ ಮಾಡಿ ಹೊರಹಾಕುತ್ತಾರೆ. ಶ್ರಾದ್ಧ ಮಾಡುವವನು ಹೆತ್ತ ತಂದೆ. ಕೊನೆಗೆ, ವಯಸ್ಸಾದ ಆ ತಂದೆ ಮಗಳಿಗಿಂತ ಚಿಕ್ಕ ಹುಡುಗಿಯನ್ನು ಮದುವೆಯಾಗಲು ಹೊರಟ ಸುದ್ದಿ ಬರುತ್ತದೆ. ಆ ಹುಡುಗಿಯ ಬಗ್ಗೆ ನಮಗೆ ಬೇರೇನೂ ತಿಳಿಯುವುದಿಲ್ಲ. ತಿಳಿಯಬೇಕಾಗಿಯೂ ಇಲ್ಲ. ಗಂಡಸಿನ ಬಯಕೆಗೆ ಮಂತ್ರವಿದೆ, ಹೆಂಗಸಿನ ಬಯಕೆಗೆ ಬಹಿಷ್ಕಾರವಿದೆ ಎಂಬುದನ್ನು ಅವಳ ಪ್ರಾಯವೊಂದೇ ಹೇಳಿ ಮುಗಿಸುತ್ತದೆ.

ಫ್ರೆಂಚ್ ಕಥೆಗಾರ ಮೊಪಾಸಾನ 'ಬೂಲ್ ದ ಸುಯೀಫ್' (1880) ಇನ್ನೊಂದು ತಂತ್ರವನ್ನು ತೋರಿಸುತ್ತದೆ. ಯುದ್ಧಕಾಲದಲ್ಲಿ ಕುದುರೆ ಬಂಡಿಯೊಂದರಲ್ಲಿ ಹತ್ತು ಮಂದಿ ಹೊರಟಿದ್ದಾರೆ. ಅವರಲ್ಲಿ ಒಬ್ಬಳು ವೇಶ್ಯೆ. ಹಸಿದ ಮಾನವಂತರಿಗೆಲ್ಲ ತನ್ನ ಬುತ್ತಿ ಹಂಚಿದವಳು ಅವಳು. ಶತ್ರು ಪಡೆಯ ಅಧಿಕಾರಿ ಅವಳನ್ನು ಬಯಸಿ ಬಂಡಿಯನ್ನು ತಡೆಹಿಡಿದಾಗ ಎಲ್ಲರೂ ಸೇರಿ ಅವಳನ್ನು ಒಪ್ಪಿಕೊಳ್ಳುವಂತೆ ಒತ್ತಾಯಿಸುತ್ತಾರೆ. ಆ ಒತ್ತಾಯಕ್ಕೆ ಧರ್ಮದ ಬಲ ಕೊಡುವುದು ಮುದಿ ಸನ್ಯಾಸಿನಿಯೊಬ್ಬಳ ಮಾತು: ಉದ್ದೇಶ ಒಳ್ಳೆಯದಿದ್ದರೆ ದೇವರು ಕ್ಷಮಿಸುತ್ತಾನೆ ಎಂಬ ಅರ್ಥದ್ದು. ಕೆಲಸವಾದ ಮೇಲೆ ಬಂಡಿಯಲ್ಲಿ ಯಾರೂ ಅವಳ ಮುಖ ನೋಡುವುದಿಲ್ಲ, ತಮ್ಮ ಬುತ್ತಿಯಲ್ಲಿ ಒಂದು ತುತ್ತೂ ಕೊಡುವುದಿಲ್ಲ. ಊರ ದೊಡ್ಡವರ ಕಪಟ ನಿರೀಕ್ಷಿತವೇ. ಸನ್ಯಾಸಿನಿಯದು ನಿರೀಕ್ಷಿತವಲ್ಲ, ಆದ್ದರಿಂದಲೇ ಅದು ಚುಚ್ಚುತ್ತದೆ.

ಇದಕ್ಕೆ ಪೂರ್ತಿ ವಿರುದ್ಧವಾದ ದಾರಿಯೂ ಇದೆ. ಪಿ. ಲಂಕೇಶರ 'ಮುಟ್ಟಿಸಿಕೊಂಡವನು' ಕರ್ನಾಟಕದ ದ್ವಿತೀಯ ಪಿಯುಸಿ ಪಠ್ಯದ ಮೂಲಕ ಸಾವಿರಾರು ಹುಡುಗ ಹುಡುಗಿಯರು ಓದಿದ ಕಥೆ. ರೈತ ಬಸಲಿಂಗನ ಕಣ್ಣಿಗೆ ಶಸ್ತ್ರಚಿಕಿತ್ಸೆ ಮಾಡುವ ಡಾಕ್ಟರ್ ತಿಮ್ಮಪ್ಪ ಕೆಳಜಾತಿಯವರು. ಅವರ ಮುಟ್ಟುವಿಕೆಯ ಮೈಲಿಗೆ ಕಳೆಯಲು ಬಸಲಿಂಗ ಸ್ನಾನ ಮಾಡುತ್ತಾನೆ, ಕಣ್ಣು ಕೆಡುತ್ತದೆ. ಇಲ್ಲಿ ಪೂರ್ವಗ್ರಹ ಕಥಾನಾಯಕನ ಒಳಗೇ ಇದೆ. ಹೀಗೆ ಮಾಡಿದಾಗ ಕಥೆ ಒಬ್ಬ ಮನುಷ್ಯ ಬದಲಾಗುತ್ತಾನೋ ಇಲ್ಲವೋ ಎಂಬುದರ ಸುತ್ತ ತಿರುಗುತ್ತದೆ; ಓದುಗ ಬಸಲಿಂಗನ ಜೊತೆಗೇ ನಡೆಯುತ್ತ ಅವನ ಭಯವನ್ನೂ ಪೆದ್ದುತನವನ್ನೂ ಅನುಭವಿಸುತ್ತಾನೆ. ಅದೇ ಪೂರ್ವಗ್ರಹ ಅಮುಖ್ಯ ಪಾತ್ರದಲ್ಲಿದ್ದಾಗ ಬದಲಾವಣೆಯ ಪ್ರಶ್ನೆಯೇ ಏಳುವುದಿಲ್ಲ. ಪಂಡಿತನ ಹೆಂಡತಿ ನಾಳೆಯೂ ಹಾಗೆಯೇ ಇರುತ್ತಾಳೆ. ಎರಡರಲ್ಲಿ ಯಾವುದು ಮೇಲು ಎಂದು ಕೇಳುವಂತಿಲ್ಲ, ಆದರೆ ಊರನ್ನು ತೋರಿಸಬೇಕೆಂದರೆ ಎರಡನೆಯದೇ ಚುರುಕು.

ಅಮುಖ್ಯ ಪಾತ್ರ ಬರೆದವರ ಪೂರ್ವಗ್ರಹವನ್ನೂ ಬಯಲು ಮಾಡಬಲ್ಲದು. ಬಡ್ಡಿ ಎಂದರೆ ಶೆಟ್ಟಿ, ಕಟುಕ ಎಂದರೆ ಸಾಬಿ, ಅಡುಗೆ ಎಂದರೆ ಭಟ್ಟ ಎಂದು ಯೋಚನೆಯಿಲ್ಲದೆ ಹಚ್ಚಿಬಿಟ್ಟ ಗುರುತುಗಳು ಕನ್ನಡ ಕಥೆ-ಸಿನಿಮಾಗಳಲ್ಲಿ ಬೇಕಾದಷ್ಟಿವೆ. ಗಡಿಯವರಿಗೆ ಚೆನ್ನಾಗಿ ಗೊತ್ತಿರುವ ಇನ್ನೊಂದು ಗುರುತು ತೆಲುಗು ಬೆರೆತ ಕನ್ನಡ ಆಡುವ ಒರಟ. ಆ ಮಾತು ಕೇಳಿದೊಡನೆ ನಗಬೇಕು ಅಥವಾ ಹೆದರಬೇಕು ಎಂಬ ಲೆಕ್ಕಾಚಾರ ಅದರ ಹಿಂದಿದೆ. ಮಡಕಶಿರಾ ಕಡೆಯ ಅಗಳಿಯಲ್ಲೋ ರೊಳ್ಳದಲ್ಲೋ ಅದು ತಾಯಿ ಮಗುವಿನೊಡನೆ ಆಡುವ ಮಾತು. ಮುಖ್ಯ ಪಾತ್ರವನ್ನು ಕಥೆಗಾರ ಎಚ್ಚರದಿಂದ ಕಟ್ಟಿರುತ್ತಾನೆ. ಅಮುಖ್ಯ ಪಾತ್ರವನ್ನು ಕೈಗೆ ಸಿಕ್ಕಿದ್ದರಿಂದ ಮಾಡಿರುತ್ತಾನೆ, ಕೈಗೆ ಏನು ಸಿಗುತ್ತದೆ ಎಂಬುದು ಅವನು ಬೆಳೆದ ಮನೆಯಿಂದ ಬಂದದ್ದು. ಈ ಕಾರಣಕ್ಕೆ ದಲಿತ-ಬಂಡಾಯದ ವಿಮರ್ಶೆ 1970ರ ದಶಕದಿಂದ ಹಳೆಯ ಕಥೆಗಳನ್ನು ಮತ್ತೆ ಓದಿದಾಗ ನಾಯಕರನ್ನು ಬಿಟ್ಟು ಆಳುಗಳ ಕಡೆಗೆ, ಮನೆಗೆಲಸದವರ ಕಡೆಗೆ ತಿರುಗಿತು. ಆ ತಿರುವು ಕೆಲವೊಮ್ಮೆ ಕಥೆಗಳಿಗೆ ಅನ್ಯಾಯ ಮಾಡಿತಾದರೂ ಬೇಕಾಗಿತ್ತು.

ಶಾಲೆಯ ಪರೀಕ್ಷೆಗಳಲ್ಲಿ ಪಾತ್ರ ಪರಿಚಯ ಎಂದರೆ ಮುಖ್ಯ ಪಾತ್ರದ್ದೇ. ಅಂಚಿನ ಪಾತ್ರವನ್ನು ಓದಲು ಬೇಕಾದ ಪ್ರಶ್ನೆಗಳು ಬೇರೆ. ಅವರನ್ನು ಎಲ್ಲಿ ನಿಲ್ಲಿಸಲಾಗಿದೆ? ಬಾಗಿಲು, ಬಾವಿಕಟ್ಟೆ, ಆಸ್ಪತ್ರೆಯ ಸಾಲು, ಚಹಾದ ಅಂಗಡಿಯ ಮುಂದಿನ ಬೆಂಚು, ಇಂಥ ಒಳ-ಹೊರಗಿನ ಗೆರೆಗಳ ಮೇಲೆಯೇ ಕಥೆಗಾರರು ಅವರನ್ನು ಇಡುತ್ತಾರೆ, ಏಕೆಂದರೆ ಯಾರು ಒಳಗೆ ಬರಬಹುದು ಎಂಬುದು ಅಲ್ಲಿ ತೀರ್ಮಾನವಾಗುತ್ತದೆ. ಅವರನ್ನು ಕರೆಯುವುದು ಹೆಸರಿನಿಂದಲೋ ಜಾತಿಯಿಂದಲೋ ಕಸುಬಿನಿಂದಲೋ? ಏಕವಚನದಲ್ಲೋ ಬಹುವಚನದಲ್ಲೋ? ಕನ್ನಡದಲ್ಲಿ ಈ ಕೊನೆಯದು ಬಹಳ ಕೆಲಸ ಮಾಡುತ್ತದೆ. ಎಪ್ಪತ್ತರ ಮುದುಕನನ್ನು ಗೌಡರ ಮನೆಯ ಹತ್ತರ ಪೋರ 'ಬಾರೋ' ಎಂದು ಕರೆದರೆ, ಮುದುಕ 'ಬಂದೆ ಬುದ್ದಿ' ಎಂದರೆ, ಆ ಊರಿನ ಜಮೀನು ಯಾರ ಹೆಸರಿನಲ್ಲಿದೆ ಎಂದು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ಅಂಚಿನ ಪಾತ್ರ ಯಾವಾಗಲೂ ಊರಿನ ಪರವಾಗಿಯೇ ನಿಲ್ಲಬೇಕೆಂದೂ ಇಲ್ಲ. ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಇದಕ್ಕೆ ಒಳ್ಳೆಯ ಸಾಕ್ಷಿ. 2004ರಲ್ಲಿ ಕಾಸರವಳ್ಳಿ ಇದನ್ನು 'ಹಸೀನಾ' ಎಂದು ಚಿತ್ರ ಮಾಡಿದರು. ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದಲ್ಲಿ 2025ರ ಅಂತರರಾಷ್ಟ್ರೀಯ ಬೂಕರ್ ಪಡೆದ 'ಹಾರ್ಟ್ ಲ್ಯಾಂಪ್' ಸಂಕಲನದಲ್ಲೂ ಈ ಕಥೆ ಇದೆ. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡ ಬಿಟ್ಟುಹೋದ ಬಡ ಹೆಂಗಸು ಅಶ್ರಫ್ ನ್ಯಾಯ ಕೇಳಿ ಮಸೀದಿಯ ಉಸ್ತುವಾರಿ ನೋಡುವ ಮುತವಲ್ಲಿಯ ಬಾಗಿಲಿಗೆ ಬರುತ್ತಾಳೆ. ಮುತವಲ್ಲಿ ತಳ್ಳಿಹಾಕುತ್ತ ಹೋಗುತ್ತಾನೆ, ಅವಳ ಮಗು ಸಾಯುತ್ತದೆ. ಇಷ್ಟೂ ಹೊತ್ತು ಮುತವಲ್ಲಿಯ ಹೆಂಡತಿ ಅಮೀನಾ ಹಿನ್ನೆಲೆಯಲ್ಲಿ ಅಡುಗೆ, ಮಕ್ಕಳು, ಬಸುರು, ಬಾಣಂತನಗಳಲ್ಲಿ ಮುಳುಗಿರುವವಳು. ಮಕ್ಕಳಾಗದಂತೆ ಆಪರೇಷನ್ ಮಾಡಿಸಿಕೊಳ್ಳುವ ಅವಳ ಆಸೆಗೆ ಗಂಡ ಒಪ್ಪುವುದಿಲ್ಲ. ಹೊರಗೆ ಅಶ್ರಫ್‌ಗೆ ಧರ್ಮದ ಹೆಸರಿನಲ್ಲಿ ನ್ಯಾಯ ನಿರಾಕರಿಸುವವನೂ ಒಳಗೆ ಹೆಂಡತಿಯ ಮೈಯ ಮೇಲೆ ಹಕ್ಕು ಸಾಧಿಸುವವನೂ ಒಬ್ಬನೇ ಎಂಬುದು ಅಮೀನಾ ಇರುವುದರಿಂದಲೇ ಕಾಣುತ್ತದೆ. ಊರ ಹೆಂಗಸರು ಮುತವಲ್ಲಿಗೆ ದಾರಿಯುದ್ದಕ್ಕೂ ಶಾಪ ಹಾಕಿದ ಮೇಲೆ ಅಮೀನಾ ಗಂಡನ ಅಪ್ಪಣೆ ಕೇಳದೆ ಆಪರೇಷನ್‌ಗೆ ಹೊರಟುಬಿಡುತ್ತಾಳೆ.